ಅದೇ ಮಾತ್ರೆ ಈ ಸಲ ಯಾಕೆ ನಾಟಲಿಲ್ಲ?

ಪ್ರಶ್ನೆ: ಮೂಡಿಗೆರೆ ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್ (ಲೆಕ್ಕ ಬರೆಯುವವ) ಆಗಿದ್ದೇನೆ. ಕೆಲಸಗಾರರ ಸಾಲುಮನೆಗಳ ನಮ್ಮ ಲೈನ್‌ನಲ್ಲಿರುವ 34 ವರ್ಷದ ಕೆಲಸಗಾರನಿಗೆ ಹೋದ ವರ್ಷ ಟಿಬಿ ಎಂದು ಗೊತ್ತಾಗಿ, ಸರ್ಕಾರಿ ಆಸ್ಪತ್ರೆಯಿಂದ ದಿನಕ್ಕೆ ಮೂರು ಮಾತ್ರೆ ಕೊಡುತ್ತಿದ್ದರು. ತೂಕ 46 ಕೆಜಿ. ಎರಡೂವರೆ ತಿಂಗಳು ನುಂಗಿದ, ಕೆಮ್ಮು ನಿಂತಿತು, ಮೈ ಕೈ ತುಂಬಿಕೊಂಡಿತು. ಕುಯ್ಲು ಮುಗಿಸಿ ಊರಿಗೆ ಹೋದವನು ಮಾತ್ರೆ ಬಿಟ್ಟ. ಈ ಮಳೆಗಾಲದಲ್ಲಿ ಮತ್ತೆ ಕೆಮ್ಮು, ಸಂಜೆ ಜ್ವರ. ಮೆಡಿಕಲ್ ಶಾಪಿನ ಮಾತ್ರೆಯಿಂದ ಹತ್ತು ದಿನ ಇಳಿದಂತಿತ್ತು, ಆಮೇಲೆ ಮೊದಲಿನಂತೆಯೇ. ಟ್ರಂಕಿನಲ್ಲಿ ಉಳಿದಿದ್ದ ಹಳೆಯ ಟಿಬಿ ಮಾತ್ರೆಯನ್ನೂ ಒಂದು ವಾರ ತಿಂದಿದ್ದಾನೆ. ಈಗ ಕಫದ ಟ್ರೂನ್ಯಾಟ್ ರಿಪೋರ್ಟಿನಲ್ಲಿ ‘ರಿಫಾಂಪಿಸಿನ್ ರೆಸಿಸ್ಟೆನ್ಸ್’ ಎಂದು ಬಂದಿದೆ. ಆರು ತಿಂಗಳ ಹೊಸ ಚಿಕಿತ್ಸೆ ಅನ್ನುತ್ತಿದ್ದಾರೆ. ಹೋದ ಸಲ ಕೇಳಿದ ಮಾತ್ರೆ ಈಗ ಯಾಕೆ ಕೇಳುವುದಿಲ್ಲ? ಅವನ ದೇಹ ಮಾತ್ರೆಗೆ ಒಗ್ಗಿಹೋಯಿತೆ? ಹೆಂಡತಿ, ಇಬ್ಬರು ಮಕ್ಕಳು, ಅಕ್ಕಪಕ್ಕದ ಲೈನ್ ಮನೆಯವರಿಗೆ ಅಪಾಯವೇ? ಕುಯ್ಲಿಗೆ ಕಳಿಸಬಹುದೆ? ಫೆಬ್ರವರಿಯಲ್ಲಿ ಊರಿಗೆ ಹೊರಡುವ ಲೆಕ್ಕದಲ್ಲಿದ್ದಾನೆ.

ಉತ್ತರ: ಅವನ ದೇಹ ಮಾತ್ರೆಗೆ ಒಗ್ಗಿಹೋದದ್ದಲ್ಲ. ಬದಲಾಗಿರುವುದು ಅವನ ಶ್ವಾಸಕೋಶದಲ್ಲಿರುವ ರೋಗಾಣುಗಳ ಸಂತತಿ. ಈ ವ್ಯತ್ಯಾಸ ಮುಖ್ಯ, ಏಕೆಂದರೆ ಅವನು ಕೆಮ್ಮಿದಾಗ ಗಾಳಿಗೆ ಬರುವುದು ಅದೇ ಬದಲಾದ ಸಂತತಿ. ಅದು ಯಾರ ಎದೆಗೆ ಇಳಿದರೂ, ಆ ವ್ಯಕ್ತಿ ಜೀವಮಾನದಲ್ಲಿ ಒಂದು ಟಿಬಿ ಮಾತ್ರೆಯನ್ನೂ ಮುಟ್ಟದವರಾಗಿದ್ದರೂ, ಮೊದಲ ದಿನದಿಂದಲೇ ಅದು ಔಷಧಕ್ಕೆ ಬಗ್ಗದ ಕ್ಷಯ.

ಇದು ಹೇಗಾಗುತ್ತದೆ ಎಂಬುದಕ್ಕೆ ಒಂದು ಲೆಕ್ಕವಿದೆ. ಶ್ವಾಸಕೋಶದಲ್ಲಿ ಕ್ಷಯ ಕೊರೆದ ಒಂದು ಪೊಳ್ಳಿನೊಳಗೆ ಸುಮಾರು 10 ಕೋಟಿ ರೋಗಾಣುಗಳು ಇರಬಹುದು. ಅವು ಒಂದು ಎರಡಾಗುವಾಗ ವಂಶವಾಹಿಯಲ್ಲಿ ಆಗೀಗ ತಪ್ಪು ನುಸುಳುತ್ತದೆ, ಔಷಧ ಇರಲಿ ಬಿಡಲಿ. ಟಿಬಿಯ ಎರಡು ಮುಖ್ಯ ಔಷಧ ಐಸೋನಿಯಾಜಿಡ್ ಮತ್ತು ರಿಫಾಂಪಿಸಿನ್. ಐಸೋನಿಯಾಜಿಡ್‌ಗೆ ಜಗ್ಗದ ರೋಗಾಣು ಸರಿಸುಮಾರು 10 ಲಕ್ಷಕ್ಕೆ ಒಂದು. ರಿಫಾಂಪಿಸಿನ್‌ಗೆ ಜಗ್ಗದ್ದು 10 ಕೋಟಿಗೆ ಒಂದು. ಅಂದರೆ ಮೊದಲ ಮಾತ್ರೆ ನುಂಗುವ ಮುಂಚೆಯೇ ಆ ಪೊಳ್ಳಿನಲ್ಲಿ ಐಸೋನಿಯಾಜಿಡ್‌ಗೆ ಹೆದರದ ನೂರು, ರಿಫಾಂಪಿಸಿನ್‌ಗೆ ಹೆದರದ ಒಂದು ಕೂತಿರುತ್ತವೆ. ಎರಡಕ್ಕೂ ಹೆದರದ್ದು ಬೇಕೆಂದರೆ ಎರಡು ಲೆಕ್ಕವನ್ನೂ ಗುಣಿಸಬೇಕು: ಒಂದರ ಮುಂದೆ 14 ಸೊನ್ನೆ. ಅಷ್ಟು ರೋಗಾಣು ಯಾವ ಎದೆಯಲ್ಲೂ ಹಿಡಿಸುವುದಿಲ್ಲ. ಇದಕ್ಕೇ ಒಂದು ಔಷಧ ಬಿಟ್ಟದ್ದನ್ನು ಇನ್ನೊಂದು ಹೊಡೆಯಲಿ ಎಂದು ನಾಲ್ಕನ್ನು ಒಟ್ಟಿಗೆ ಕೊಡುವುದು. ಅವನು ದಿನಕ್ಕೆ ಮೂರು ನುಂಗುತ್ತಿದ್ದ ಮಾತ್ರೆಯಲ್ಲಿ, ಒಂದೊಂದರಲ್ಲೂ, ಐಸೋನಿಯಾಜಿಡ್ 75, ರಿಫಾಂಪಿಸಿನ್ 150, ಪೈರಾಜಿನಮೈಡ್ 400, ಎಥಾಂಬ್ಯುಟಾಲ್ 275 ಮಿಲಿಗ್ರಾಂ ಬೆರೆತಿರುತ್ತದೆ. 35ರಿಂದ 49 ಕೆಜಿ ತೂಗುವವರಿಗೆ ಮೂರು ಮಾತ್ರೆ ಸರಿಯಾದ ಲೆಕ್ಕ. ಎರಡು ತಿಂಗಳಾದ ಮೇಲೆ ಪೈರಾಜಿನಮೈಡ್ ತೆಗೆದು ಉಳಿದ ಮೂರನ್ನು ನಾಲ್ಕು ತಿಂಗಳು ಕೊಡುತ್ತಾರೆ.

ಹಾಗಾದರೆ ರಿಫಾಂಪಿಸಿನ್‌ಗೆ ಬಗ್ಗದ ಸಂತತಿ ಹೇಗೆ ಮೇಲುಗೈ ಪಡೆಯಿತು? ಯಾವುದೋ ಹಂತದಲ್ಲಿ ಒಂದು ಔಷಧ ಒಂಟಿಯಾಗಿ ಹೋರಾಡಿದೆ. ಕ್ಷಯದಲ್ಲಿ ನಿರೋಧಕತೆ ಹುಟ್ಟುವ ದಾರಿಗಳು ಹಲವು, ಆದರೆ ಎಲ್ಲದರ ತಳದಲ್ಲಿರುವುದು ಇದೇ. ಔಷಧ ಒಂಟಿಯಾದರೆ ಅದಕ್ಕೆ ಹೆದರುವ ರೋಗಾಣು ಸಾಯುತ್ತದೆ, ಹೆದರದ ಆ ಒಂದು ಉಳಿದು ಬೆಳೆಯುತ್ತದೆ. ಇದು 1948ರಲ್ಲೇ ಗೊತ್ತಾಗಿತ್ತು. ಆ ವರ್ಷ ಬ್ರಿಟನ್ನಿನ ಮೆಡಿಕಲ್ ರಿಸರ್ಚ್ ಕೌನ್ಸಿಲ್ ಪ್ರಕಟಿಸಿದ ಪ್ರಯೋಗದಲ್ಲಿ ಸ್ಟ್ರೆಪ್ಟೊಮೈಸಿನ್ ಒಂದನ್ನೇ ಪಡೆದ 55 ರೋಗಿಗಳಲ್ಲಿ ಆರು ತಿಂಗಳಲ್ಲಿ ಸತ್ತವರು 4. ಬರೀ ಹಾಸಿಗೆಯ ವಿಶ್ರಾಂತಿಯಲ್ಲಿದ್ದ 52 ಮಂದಿಯಲ್ಲಿ 14. ಪವಾಡದಂತೆ ಕಂಡಿತ್ತು. ಐದು ವರ್ಷ ಕಳೆಯುವಷ್ಟರಲ್ಲಿ ಔಷಧ ಪಡೆದವರಲ್ಲಿ 32, ಪಡೆಯದವರಲ್ಲಿ 35 ಮಂದಿ ತೀರಿಕೊಂಡಿದ್ದರು. ನಡುವೆ ರೋಗಾಣು ಸ್ಟ್ರೆಪ್ಟೊಮೈಸಿನ್‌ಗೆ ಬಗ್ಗುವುದನ್ನು ಬಿಟ್ಟಿತ್ತು.

ನಾಲ್ಕೂ ಔಷಧ ಒಂದೇ ಮಾತ್ರೆಯಲ್ಲಿದ್ದ ಮೇಲೆ ಒಂಟಿಯಾಗುವುದು ಎಲ್ಲಿಂದ ಎನ್ನಬಹುದು. ನುಂಗುವುದು ಒಟ್ಟಿಗಾದರೂ ಇಳಿಯುವುದು ಒಟ್ಟಿಗಲ್ಲ. ಒಂದೊಂದು ಔಷಧ ರಕ್ತದಿಂದ ಖಾಲಿಯಾಗುವ ವೇಗ ಬೇರೆ, ರೋಗಾಣುವನ್ನು ಅದು ಮಂಕು ಮಾಡಿಡುವ ಅವಧಿ ಬೇರೆ. ಮೂರು ದಿನ ತಿಂದು ನಾಲ್ಕು ದಿನ ಬಿಡುವ ಅಭ್ಯಾಸದಲ್ಲಿ ಇಂಥ ಕಿಂಡಿಗಳು ಮತ್ತೆ ಮತ್ತೆ ತೆರೆಯುತ್ತವೆ. ಪೂರ್ತಿ ಬಿಟ್ಟರೆ ಹೆಚ್ಚಾಗಿ ಹಳೆಯ ರೋಗವೇ ಮರುಕಳಿಸುತ್ತದೆ, ಅದೇ ಮಾತ್ರೆಗೆ ಮತ್ತೆ ಬಗ್ಗುತ್ತದೆ. ಬಿಟ್ಟು ಬಿಟ್ಟು ತಿನ್ನುವುದು ಅದಕ್ಕಿಂತ ಕೆಟ್ಟದ್ದು. ಎರಡನೆಯ ಸಾಧ್ಯತೆ, ಹೋದ ವರ್ಷವೇ ಅವನಲ್ಲಿದ್ದ ರೋಗಾಣು ಐಸೋನಿಯಾಜಿಡ್‌ಗೆ ಬಗ್ಗದ್ದಾಗಿತ್ತು ಎಂಬುದು. ಟ್ರೂನ್ಯಾಟ್ ಮತ್ತು ಸಿಬಿನ್ಯಾಟ್ ಯಂತ್ರಗಳು ಸಾಮಾನ್ಯವಾಗಿ ನೋಡುವುದು ರಿಫಾಂಪಿಸಿನ್ ಒಂದನ್ನೇ. ಐಸೋನಿಯಾಜಿಡ್ ಕೆಲಸ ಮಾಡುತ್ತದೋ ಇಲ್ಲವೋ ಎಂಬುದಕ್ಕೆ ಎಲ್‌ಪಿಎ ಎಂಬ ಬೇರೆ ಪರೀಕ್ಷೆ ಬೇಕು. ಅದು ಗೊತ್ತಾಗದೆ ಹೋದರೆ ಮೂರು ಔಷಧದ ಹಂತದಲ್ಲಿ ಐಸೋನಿಯಾಜಿಡ್ ಇದ್ದೂ ಇಲ್ಲದಂತೆ, ಎಥಾಂಬ್ಯುಟಾಲ್ ಬಲ ಕಡಿಮೆಯದು, ಹೊರೆಯೆಲ್ಲ ರಿಫಾಂಪಿಸಿನ್ ಹೆಗಲಿಗೆ. ಮೂರನೆಯದು, ಬೇರೊಬ್ಬರಿಂದಲೇ ಬಗ್ಗದ ರೋಗಾಣು ಅಂಟಿರುವುದು. 2014ರಿಂದ 2016ರವರೆಗೆ ನಡೆದ ಮೊದಲ ರಾಷ್ಟ್ರೀಯ ನಿರೋಧಕತೆ ಸಮೀಕ್ಷೆಯಲ್ಲಿ, ಈ ಎರಡೂ ಮುಖ್ಯ ಔಷಧಕ್ಕೆ ಬಗ್ಗದ ಕ್ಷಯ, ಅಂದರೆ ಎಂಡಿಆರ್, ಮೊದಲ ಸಲ ಚಿಕಿತ್ಸೆಗೆ ಬಂದವರಲ್ಲಿ 2.84 ಶೇಕಡಾ ಇತ್ತು. ಹಿಂದೆ ಚಿಕಿತ್ಸೆ ಪಡೆದವರಲ್ಲಿ ಅದು ಶೇಕಡಾ 11.6. ಹೀಗಾಗಿ ತಪ್ಪನ್ನೆಲ್ಲ ಆ ಕೆಲಸಗಾರನ ತಲೆಗೆ ಕಟ್ಟುವುದು ನ್ಯಾಯವಲ್ಲ. ಆದರೆ ಎರಡೂವರೆ ತಿಂಗಳಿಗೆ ಬಿಟ್ಟದ್ದು ಪಾಲುದಾರ ಹೌದು. ಕೆಮ್ಮು ನಿಲ್ಲುವುದು ಓಡಾಡುವ ರೋಗಾಣು ಸತ್ತಾಗ. ಮಲಗಿರುವವು ಸಾಯಲು ಉಳಿದ ನಾಲ್ಕು ತಿಂಗಳು ಬೇಕು.

ಮೆಡಿಕಲ್ ಶಾಪಿನ ಹತ್ತು ದಿನದ ಮಾತ್ರೆ ಯಾವುದು ಎಂಬುದನ್ನು ದಯವಿಟ್ಟು ಪತ್ತೆ ಮಾಡಿ. ಖಾಲಿ ಸ್ಟ್ರಿಪ್ ಸಿಕ್ಕರೆ ವೈದ್ಯರಿಗೆ ತೋರಿಸಿ. ಲೆವೊಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಮಾಕ್ಸಿಫ್ಲಾಕ್ಸಾಸಿನ್ ಹೆಸರಿನವು ಆಗಿದ್ದರೆ, ಹತ್ತು ದಿನ ಕೆಮ್ಮು ಇಳಿದದ್ದಕ್ಕೆ ಅದೇ ಕಾರಣ: ಅವು ಕ್ಷಯದ ರೋಗಾಣುವನ್ನೂ ಕೊಲ್ಲುತ್ತವೆ. ಕೊಲ್ಲುತ್ತವೆ ಎನ್ನುವುದೇ ತೊಂದರೆ. ಇಲ್ಲೂ ಔಷಧ ಒಂಟಿ, ಮೇಲಾಗಿ ಅದು ಈಗ ಬೇಕಾಗಿರುವ ಚಿಕಿತ್ಸೆಯ ಒಂದು ಕಂಬ. ಎರಡು ವಾರ ದಾಟಿದ ಕೆಮ್ಮಿಗೆ ಈ ಗುಂಪಿನ ಮಾತ್ರೆಯನ್ನು ಕಫ ಪರೀಕ್ಷೆ ಮಾಡಿಸದೆ ಕೊಡುವುದು ನಮ್ಮ ಊರುಗಳಲ್ಲಿ ನಿಲ್ಲಬೇಕಾದ ಕೆಟ್ಟ ರೂಢಿ.

ರಿಪೋರ್ಟಿನ ಬಗ್ಗೆ ಒಂದು ಮಾತು. ‘ರೆಸಿಸ್ಟೆನ್ಸ್’ ಎಂದು ಬಂದದ್ದೆಲ್ಲ ಕಲ್ಲಿನ ಮೇಲಿನ ಬರಹವಲ್ಲ. ಕಫದಲ್ಲಿ ರೋಗಾಣು ತೀರ ಕಡಿಮೆ ಇದ್ದಾಗ ಯಂತ್ರ ಕೆಲವೊಮ್ಮೆ ತಪ್ಪಾಗಿ ಹಾಗೆ ತೋರಿಸುತ್ತದೆ. ಹಿಂದೆ ಟಿಬಿ ಆಗಿದ್ದವರಲ್ಲಿ ಸತ್ತ ರೋಗಾಣುವಿನ ಪಳೆಯುಳಿಕೆಯೇ ಸಿಕ್ಕಿ ‘ಟಿಬಿ ಇದೆ’ ಎಂದು ಬರುವುದೂ ಉಂಟು. ಇವನಿಗೆ ಹಿಂದೆ ಚಿಕಿತ್ಸೆ ಆಗಿದೆ, ಜ್ವರ ಕೆಮ್ಮು ಮರಳಿವೆ, ಹಾಗಾಗಿ ರಿಪೋರ್ಟ್ ನಿಜವಿರುವ ಸಾಧ್ಯತೆಯೇ ಹೆಚ್ಚು. ಆದರೂ ಎರಡನೆಯ ಕಫ ಕೊಡಲೇಬೇಕು. ಅದು ಎಲ್‌ಪಿಎ ಮತ್ತು ಕಲ್ಚರ್‌ಗೆ ದೊಡ್ಡ ಪ್ರಯೋಗಾಲಯಕ್ಕೆ ಹೋಗುತ್ತದೆ. ಕಲ್ಚರ್ ಎಂದರೆ ಕಫದ ರೋಗಾಣುವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವುದು. ಐಸೋನಿಯಾಜಿಡ್, ಮಾಕ್ಸಿಫ್ಲಾಕ್ಸಾಸಿನ್ ಗುಂಪು ಕೆಲಸ ಮಾಡುತ್ತವೆಯೇ ಎಂದು ಹೇಳುವುದು ಈ ಪರೀಕ್ಷೆಗಳೇ. ಎಲ್‌ಪಿಎ ಕೆಲವೇ ದಿನದ ಕೆಲಸ. ದ್ರವ ಕಲ್ಚರ್‌ನಲ್ಲಿ ರೋಗಾಣು ಬೆಳೆಯಲಿಲ್ಲ ಎಂದು ಹೇಳಲು 42 ದಿನ ಕಾಯಬೇಕು. ಅಲ್ಲಿಯವರೆಗೆ ಚಿಕಿತ್ಸೆ ನಿಲ್ಲಿಸಿಕೊಂಡು ಕೂರುವಂತಿಲ್ಲ.

ಒಳ್ಳೆಯ ಕಫ ಹಿಡಿಯುವುದು ಹೇಳಿದಷ್ಟು ಸುಲಭವಲ್ಲ. ಲ್ಯಾಬಿಗೆ ಹೋಗುವ ಡಬ್ಬಿಗಳಲ್ಲಿ ಬರೀ ಎಂಜಲಿರುವುದು ಸಾಮಾನ್ಯ. ಬೆಳಿಗ್ಗೆ ಎದ್ದ ಕೂಡಲೇ, ಕಾಫಿ ಕುಡಿಯುವ ಮುಂಚೆ ಬಾಯನ್ನು ಬರೀ ನೀರಿನಲ್ಲಿ ಮುಕ್ಕಳಿಸಬೇಕು. ಲೈನ್ ಮನೆಯೊಳಗೆ ಬೇಡ. ಹೊರಗೆ ಗಾಳಿ ಆಡುವಲ್ಲಿ, ಯಾರೂ ಎದುರಿಗಿಲ್ಲದಾಗ ನಿಂತು ಎರಡು ಮೂರು ಸಲ ಉಸಿರನ್ನು ಆಳಕ್ಕೆ ಎಳೆದು ಹಿಡಿದು, ಹೊಟ್ಟೆಯಿಂದ ಕೆಮ್ಮಿ ತೆಗೆಯಬೇಕು. ಮಂದವಾಗಿ, ಹಳದಿಯಾಗಿ, ದಾರದಂತೆ ಎಳೆಯುವುದು ಕಫ. ನೊರೆ ನೊರೆಯಾಗಿ ನೀರಿನಂತಿರುವುದು ಎಂಜಲು. 2ರಿಂದ 5 ಮಿಲಿಲೀಟರ್ ಬೇಕು, ಅಂದಾಜು ಅರ್ಧದಿಂದ ಒಂದು ಟೀ ಚಮಚ. ಮುಚ್ಚಳ ಬಿಗಿ ಮಾಡಿ, ಬಿಸಿಲಿಗಿಡದೆ ಅಂದೇ ಆಶಾ ಕಾರ್ಯಕರ್ತೆಗೆ ಅಥವಾ ಆಸ್ಪತ್ರೆಗೆ ತಲುಪಿಸಿ.

ಇನ್ನು ಚಿಕಿತ್ಸೆ. ಕೆಲವು ವರ್ಷಗಳ ಹಿಂದೆ ಈ ರಿಪೋರ್ಟ್ ಬಂದಿದ್ದರೆ ತಿಂಗಳುಗಟ್ಟಲೆ ಕ್ಯಾನಮೈಸಿನ್ ಇಂಜೆಕ್ಷನ್, ಜೊತೆಗೆ ಎರಡು ವರ್ಷದ ಹತ್ತಿರ ಹಿಡಿ ಮಾತ್ರೆ. ಎಷ್ಟೋ ಮಂದಿ ಆ ಇಂಜೆಕ್ಷನ್ನಿನಿಂದ ಕಿವಿ ಕಳೆದುಕೊಂಡರು. ಅದಕ್ಕೂ ಹಿಂದೆ ಮರುಕಳಿಸಿದ ಕ್ಷಯಕ್ಕೆ ಹಳೆಯ ಮಾತ್ರೆಗಳಿಗೇ ಸ್ಟ್ರೆಪ್ಟೊಮೈಸಿನ್ ಒಂದನ್ನು ಸೇರಿಸಿ ಕೊಡುವ ಪದ್ಧತಿಯಿತ್ತು. ಸೋಲುತ್ತಿರುವ ಪಡೆಗೆ ಒಬ್ಬನೇ ಹೊಸ ಸಿಪಾಯಿ, ಅಂದರೆ ಮತ್ತೆ ಒಂಟಿ ಔಷಧ. ವಿಶ್ವ ಆರೋಗ್ಯ ಸಂಸ್ಥೆ 2017ರಲ್ಲಿ ಅದನ್ನು ಕೈಬಿಡಲು ಹೇಳಿತು. ಈಗ ನಿಮ್ಮ ವೈದ್ಯರು ಹೇಳುತ್ತಿರುವುದು ಬಿಪಾಲ್-ಎಂ ಇರಬೇಕು. ಬೆಡಾಕ್ವಿಲಿನ್, ಪ್ರೆಟೊಮನಿಡ್, ಲಿನೆಝೊಲಿಡ್, ಮಾಕ್ಸಿಫ್ಲಾಕ್ಸಾಸಿನ್ ಎಂಬ ನಾಲ್ಕು ಔಷಧ, 26 ವಾರ, ಇಂಜೆಕ್ಷನ್ ಇಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಇದನ್ನು ರಾಷ್ಟ್ರೀಯ ಕಾರ್ಯಕ್ರಮಕ್ಕೆ ಒಪ್ಪಿಕೊಂಡಿತು. ಬೆಲಾರೂಸ್, ದಕ್ಷಿಣ ಆಫ್ರಿಕಾ, ಉಜ್ಬೇಕಿಸ್ತಾನದಲ್ಲಿ ನಡೆದ, 2022ರ ಕೊನೆಯಲ್ಲಿ ಪ್ರಕಟವಾದ ಟಿಬಿ-ಪ್ರಾಕ್ಟೆಕಲ್ ಪ್ರಯೋಗದಲ್ಲಿ ಈ ನಾಲ್ಕರಿಂದ ಶೇಕಡಾ 89 ರೋಗಿಗಳಿಗೆ ಒಳ್ಳೆಯ ಫಲ ಸಿಕ್ಕಿತು, ಆಗಿನ ರೂಢಿಯ ಚಿಕಿತ್ಸೆಯಿಂದ ಶೇಕಡಾ 52. ಬೇರೆ ಕಾಯಿಲೆಗಳಲ್ಲಿ ಇಂಥ ಅಂತರ ಕಾಣುವುದು ಅಪರೂಪ. ಸರ್ಕಾರಿ ವ್ಯವಸ್ಥೆಯಲ್ಲಿ ಮಾತ್ರೆಯೂ ಪರೀಕ್ಷೆಯೂ ಉಚಿತ. 14 ವರ್ಷ ತುಂಬದವರಿಗೆ, ಗರ್ಭಿಣಿಯರಿಗೆ, ಹಾಲೂಡಿಸುವವರಿಗೆ ಇದಲ್ಲ, ಬೇರೆ ಕ್ರಮವಿದೆ.

ಬೆಡಾಕ್ವಿಲಿನ್ ಮಾತ್ರೆ 100 ಮಿಲಿಗ್ರಾಮಿನದು. ಮೊದಲ ಎರಡು ವಾರ ದಿನಕ್ಕೆ ನಾಲ್ಕು, ಆಮೇಲೆ ವಾರಕ್ಕೆ ಮೂರೇ ದಿನ, ಎರಡೆರಡು. ಇಲ್ಲೇ ಎಡವುವುದು. ಮೂರನೆಯ ವಾರದಿಂದ ‘ವಾರಕ್ಕೆ ಮೂರು ದಿನ’ ಎನ್ನುವುದು ಬೆಡಾಕ್ವಿಲಿನ್‌ಗೆ ಮಾತ್ರ. ಉಳಿದ ಮೂರೂ ಕೊನೆಯವರೆಗೆ ದಿನಾ: ಪ್ರೆಟೊಮನಿಡ್ 200, ಲಿನೆಝೊಲಿಡ್ 600, ಮಾಕ್ಸಿಫ್ಲಾಕ್ಸಾಸಿನ್ 400 ಮಿಲಿಗ್ರಾಂ. ಎಲ್ಲವನ್ನೂ ವಾರಕ್ಕೆ ಮೂರು ದಿನವೆಂದು ತಿಳಿದರೆ ಕತೆ ಮುಗಿಯಿತು. ಚೆಕ್‌ರೋಲ್ (ಹಾಜರಿ ಪಟ್ಟಿ) ಬರೆಯುವ ನಿಮಗೆ ಇದು ಕಷ್ಟವಾಗದು: ಒಂದು ಹಾಳೆಯಲ್ಲಿ ದಿನದ ಸಾಲು, ನಾಲ್ಕು ಔಷಧದ ನಾಲ್ಕು ಕಾಲಂ, ಬೆಡಾಕ್ವಿಲಿನ್ ಕಾಲಂನಲ್ಲಿ ಸೋಮವಾರ, ಬುಧವಾರ, ಶುಕ್ರವಾರಕ್ಕೆ ಮಾತ್ರ ಚೌಕ. ಮಾತ್ರೆ ನುಂಗಿದ್ದನ್ನು ಕಣ್ಣಾರೆ ನೋಡಿದ ಮೇಲೆ ಟಿಕ್. ಊಟದ ಜೊತೆಗೇ ಕೊಡಿ, ಬೆಡಾಕ್ವಿಲಿನ್ ಮತ್ತು ಪ್ರೆಟೊಮನಿಡ್ ಖಾಲಿ ಹೊಟ್ಟೆಯಲ್ಲಿ ಸರಿಯಾಗಿ ರಕ್ತಕ್ಕಿಳಿಯುವುದಿಲ್ಲ. ಒಂದು ದಿನ ತಪ್ಪಿದರೆ ಮರುದಿನ ಎರಡು ಪಟ್ಟು ಬೇಡ, ತಪ್ಪಿದ್ದನ್ನು ಹಾಳೆಯಲ್ಲಿ ಗುರುತಿಸಿ ಆಸ್ಪತ್ರೆಗೆ ತಿಳಿಸಿ.

ಟ್ರಂಕಿನಲ್ಲಿರುವ ಹಳೆಯ ಮಾತ್ರೆಯನ್ನು ಇವತ್ತೇ ಆಸ್ಪತ್ರೆಗೆ ಹಿಂತಿರುಗಿಸಿ. ಇದ್ದದ್ದನ್ನೂ ಸೇರಿಸಿ ತಿಂದರೆ ಬೇಗ ವಾಸಿಯಾಗಬಹುದು ಎಂದು ಅವನಿಗೆ ಅನ್ನಿಸಬಹುದು. ಅದರೊಳಗಿನ ರಿಫಾಂಪಿಸಿನ್ ರೋಗಾಣುವಿಗೇನೂ ಮಾಡದು, ಆದರೆ ಯಕೃತ್ತನ್ನು ಚುರುಕುಗೊಳಿಸಿ ರಕ್ತದಲ್ಲಿನ ಬೆಡಾಕ್ವಿಲಿನ್ ಅನ್ನು ಅರ್ಧಕ್ಕೆ ಇಳಿಸುತ್ತದೆ.

ಮೂತ್ರದ ಬಣ್ಣದ ಮೇಲೆ ಕಣ್ಣಿಡಲು ಹೇಳಿ. ಹೋದ ವರ್ಷ ಮೂತ್ರ ಕಿತ್ತಳೆ ಬಣ್ಣಕ್ಕೆ ಹೋಗುತ್ತಿತ್ತು, ಅದು ರಿಫಾಂಪಿಸಿನ್ ಬಣ್ಣ, ಹೆದರಬೇಡಿ ಎಂದು ಆಗ ಹೇಳಿರುತ್ತಾರೆ. ಈ ಸಲದ ನಾಲ್ಕರಲ್ಲಿ ರಿಫಾಂಪಿಸಿನ್ ಇಲ್ಲ. ಈಗ ಮೂತ್ರ ಕಡು ಹಳದಿಯಾದರೆ, ಜೊತೆಗೆ ವಾಕರಿಕೆ, ಊಟ ಸೇರದಿರುವುದು, ಕಣ್ಣು ಹಳದಿಯಾಗುವುದು ಕಂಡರೆ ಅದು ಯಕೃತ್ತಿನ ಕೂಗು. ಅಂದೇ ಆಸ್ಪತ್ರೆಗೆ ಹೋಗಬೇಕು. ‘ಹೋದ ಸಲವೂ ಹೀಗೇ ಇತ್ತು’ ಎಂದು ಸುಮ್ಮನಿರುವುದು ಇಲ್ಲಿಯ ದೊಡ್ಡ ಅಪಾಯ. ಬಟವಾಡೆ ದಿನದ ಕುಡಿತ ಇದಕ್ಕೆ ತುಪ್ಪ ಸುರಿಯುತ್ತದೆ.

ನಾಲ್ಕರಲ್ಲಿ ಹೆಚ್ಚು ಕಾಡುವುದು ಲಿನೆಝೊಲಿಡ್. ಅದು ರಕ್ತ ತಯಾರಿಯನ್ನು ತಗ್ಗಿಸುತ್ತದೆ, ಪಾದಗಳಲ್ಲಿ ಜೋಮು ಉರಿ ತರುತ್ತದೆ, ಅಪರೂಪಕ್ಕೆ ಕಣ್ಣಿನ ನರವನ್ನು ಕೆಡಿಸುತ್ತದೆ. ಹಿಮೋಗ್ಲೋಬಿನ್ 8 ಗ್ರಾಂಗಿಂತ ಕೆಳಗಿದ್ದರೆ ವೈದ್ಯರು ಮೊದಲು ಅದನ್ನು ಸರಿಪಡಿಸಲು ನೋಡುತ್ತಾರೆ. ಶುರುವಿನಲ್ಲಿ, ಎರಡು ವಾರಕ್ಕೆ, ಆಮೇಲೆ ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮತ್ತು ಇಸಿಜಿ. ಇಸಿಜಿ ಯಾಕೆಂದರೆ ಬೆಡಾಕ್ವಿಲಿನ್, ಮಾಕ್ಸಿಫ್ಲಾಕ್ಸಾಸಿನ್ ಎರಡೂ ಹೃದಯದ ಒಂದೊಂದು ಬಡಿತದೊಳಗಿನ ಒಂದು ವಿದ್ಯುತ್ ಅವಧಿಯನ್ನು ಉದ್ದ ಮಾಡುತ್ತವೆ. ತಲೆ ಸುತ್ತಿ ಬಿದ್ದರೆ, ಎದೆ ಡವಗುಟ್ಟಿದರೆ ಕಾಯಬೇಡಿ. ಕಣ್ಣಿನ ವಿಷಯದಲ್ಲಿ ಒಂದು ಸುಲಭ ಉಪಾಯ: ವಾರಕ್ಕೊಮ್ಮೆ ಒಂದೊಂದೇ ಕಣ್ಣು ಮುಚ್ಚಿ ಕ್ಯಾಲೆಂಡರಿನ ಅಂಕಿ ಓದಿಸಿ, ಕೆಂಪು ಅಂಕಿಯ ಬಣ್ಣ ಮಾಸಿದಂತೆ ಕಂಡರೆ ಅಂದೇ ತಿಳಿಸಿ. ತೊಂದರೆ ಬಂದರೆ ಲಿನೆಝೊಲಿಡ್ ಪ್ರಮಾಣವನ್ನು 300ಕ್ಕೆ ಇಳಿಸುವ ಅವಕಾಶವಿದೆ. ಮೊದಲ 9 ವಾರ ಪೂರ್ತಿ ಪ್ರಮಾಣ ಸಿಕ್ಕಿದ್ದರೆ ಒಳ್ಳೆಯದು. ಇಳಿಸುವುದು, ನಿಲ್ಲಿಸುವುದು ವೈದ್ಯರ ತೀರ್ಮಾನ. ಕಾಲು ಉರಿ ಎಂದು ರೋಗಿ ಆ ಒಂದು ಮಾತ್ರೆಯನ್ನು ಗುಟ್ಟಾಗಿ ಬಿಸಾಡಿದರೆ ಪಡೆ ಕುಗ್ಗಿ, ಉಳಿದವು ಒಂಟಿಯಾಗುವ ದಾರಿ ತೆರೆಯುತ್ತದೆ.

ಸಂತೆ ದಿನ ಕೊಳ್ಳುವ ನೆಗಡಿ ಮಾತ್ರೆಗೂ ತಡೆ ಹಾಕಿ. ಅದರಲ್ಲಿರುವ ಫಿನೈಲ್‌ಎಫ್ರಿನ್ ಲಿನೆಝೊಲಿಡ್ ಜೊತೆ ಸೇರಿದರೆ ರಕ್ತದೊತ್ತಡ ಏರಬಹುದು. ನೋವಿನ ಟ್ರಮಡಾಲ್, ಖಿನ್ನತೆಯ ಮಾತ್ರೆಗಳನ್ನೂ ವೈದ್ಯರಿಗೆ ಹೇಳದೆ ತೆಗೆದುಕೊಳ್ಳುವಂತಿಲ್ಲ. ಎದೆಯುರಿಗೆ ಕುಡಿಯುವ ಆಂಟಾಸಿಡ್, ಕಬ್ಬಿಣಾಂಶದ ಮಾತ್ರೆಗಳು ಮಾಕ್ಸಿಫ್ಲಾಕ್ಸಾಸಿನ್‌ಗೆ ಅಂಟಿಕೊಂಡು ಹೊಟ್ಟೆಯಲ್ಲೇ ನಿಲ್ಲಿಸಿಬಿಡುತ್ತವೆ. ಮಾಕ್ಸಿಫ್ಲಾಕ್ಸಾಸಿನ್ ನುಂಗಿ 4 ಗಂಟೆ ಕಳೆದ ಮೇಲೆ ಅವನ್ನು ತೆಗೆದುಕೊಳ್ಳಲಿ. ಅವನ್ನು ಮೊದಲು ತೆಗೆದುಕೊಂಡಿದ್ದರೆ 8 ಗಂಟೆ ಕಾಯಬೇಕು.

ಎಲ್‌ಪಿಎ ವರದಿಯಲ್ಲಿ ಮಾಕ್ಸಿಫ್ಲಾಕ್ಸಾಸಿನ್ ಗುಂಪಿಗೂ ಬಗ್ಗದು ಎಂದು ಬಂದರೆ ಅದನ್ನು ತೆಗೆದು ಉಳಿದ ಮೂರರಲ್ಲಿ ಮುಂದುವರಿಸುತ್ತಾರೆ, ಬೇಕಾದರೆ 39 ವಾರದವರೆಗೆ. ಬೆಡಾಕ್ವಿಲಿನ್ ಅಥವಾ ಲಿನೆಝೊಲಿಡ್‌ಗೂ ಬಗ್ಗದ ಹಂತ, ಅಂದರೆ ಎಕ್ಸ್‌ಡಿಆರ್, ಮುಟ್ಟಿದರೆ ಮತ್ತೆ ಒಂದೂವರೆ ವರ್ಷ ದಾಟುವ ದಾರಿ.

ಮನೆಯವರ ವಿಷಯ. ಕ್ಷಯ ಹರಡುವುದು ಗಾಳಿಯಲ್ಲಿ. ತಟ್ಟೆ, ಲೋಟ, ಕಂಬಳಿ ಬೇರೆ ಮಾಡುವುದರಿಂದ ಅವಮಾನ ಆಗುತ್ತದೆಯೇ ಹೊರತು ರಕ್ಷಣೆ ಸಿಗುವುದಿಲ್ಲ. ಮಲೆನಾಡಿನ ಮಳೆಗಾಲದಲ್ಲಿ ಲೈನ್ ಮನೆಯ ಕಿಟಕಿಗೆ ಟಾರ್ಪಾಲು ಕಟ್ಟಿ, ಒಂದೇ ಕೋಣೆಯಲ್ಲಿ ನಾಲ್ವರು ಮಲಗುವುದೇ ರೋಗಾಣುವಿಗೆ ಬೇಕಾದ ಜಾಗ. ಮಳೆ ನಿಂತಿದ್ದರೆ ಟಾರ್ಪಾಲು ಬಿಚ್ಚಿ, ಎದುರುಬದುರು ಗಾಳಿ ಆಡಲಿ. ಕಫದಲ್ಲಿ ರೋಗಾಣು ಇಲ್ಲವೆಂದು ಬರುವವರೆಗೆ ಅವನು ಬೇರೆ ಕೋಣೆಯಲ್ಲಿ ಅಥವಾ ಜಗುಲಿಯಲ್ಲಿ ಮಲಗಲಿ, ಒಳಗಿದ್ದಾಗ ಮಾಸ್ಕ್ ಹಾಕಲಿ. ಹೆಂಡತಿ ಮಕ್ಕಳಿಗೆ ಲಕ್ಷಣ ಇರಲಿ ಇಲ್ಲದಿರಲಿ ಎಕ್ಸ್‌ರೇ ಮತ್ತು ತಪಾಸಣೆ ಮಾಡಿಸಿ. ಐದು ವರ್ಷದೊಳಗಿನ ಮಗುವಿದ್ದರೆ ಅದೇ ಮೊದಲು. ರೋಗವಿಲ್ಲ ಎಂದಾದರೆ ತಡೆ ಔಷಧದ ಪ್ರಶ್ನೆ ಬರುತ್ತದೆ. ಸಾಮಾನ್ಯ ಕ್ಷಯದ ಮನೆಗಳಲ್ಲಿ ಕೊಡುವ ಐಸೋನಿಯಾಜಿಡ್ ಮಾತ್ರೆಯನ್ನು ಇಲ್ಲಿ ನಂಬಿ ಕೂರಲಾಗದು, ರೋಗಾಣು ಅದಕ್ಕೂ ಬಗ್ಗದ್ದಿರಬಹುದು. ಮಾಕ್ಸಿಫ್ಲಾಕ್ಸಾಸಿನ್ ಗುಂಪಿನ ಔಷಧ ಕೆಲಸ ಮಾಡುತ್ತದೆ ಎಂದು ಎಲ್‌ಪಿಎ ಹೇಳಿದರೆ ಆರು ತಿಂಗಳ ಲೆವೊಫ್ಲಾಕ್ಸಾಸಿನ್ ಕೊಡುವ ಕ್ರಮವಿದೆ. ಅಕ್ಕಪಕ್ಕದ ಮನೆಗಳಲ್ಲಿ ಎರಡು ವಾರ ದಾಟಿದ ಕೆಮ್ಮು, ಸಂಜೆ ಜ್ವರ, ತೂಕ ಇಳಿಕೆ ಯಾರಿಗಾದರೂ ಇದ್ದರೆ ಕಫ ಕೊಡಿಸಿ.

ಕುಯ್ಲಿಗೆ ಈಗಲೇ ಬೇಡ. ಬಯಲಿನಲ್ಲಿ ಹಣ್ಣು ಬಿಡಿಸುವುದರಿಂದ ಬೇರೆಯವರಿಗೆ ಅಂಟುವ ಭಯ ಕಡಿಮೆಯೇ. ತೋಟಕ್ಕೆ ಹದಿನೈದು ಮಂದಿಯನ್ನು ತುಂಬಿಕೊಂಡು ಹೋಗುವ, ಪಕ್ಕಕ್ಕೆ ಪರದೆ ಬಿಟ್ಟ ಪಿಕಪ್‌ನಲ್ಲಿ ಭಯ ಜಾಸ್ತಿ. ಅವನ ಮೈಗೂ ಇಳಿಜಾರಿನಲ್ಲಿ ಮೂಟೆ ಹೊರುವ ಶಕ್ತಿ ಇರುವುದಿಲ್ಲ. ಜ್ವರ ಬಿಟ್ಟು, ತೂಕ ಏರತೊಡಗಿ, ತಿಂಗಳ ಕಫ ಶುದ್ಧವೆಂದು ಬಂದ ಮೇಲೆ ಹಗುರ ಕೆಲಸ ಕೊಡಬಹುದು. ಕೂಲಿ ನಿಂತರೆ ಅವನು ತೋಟ ಬಿಟ್ಟು ಓಡುತ್ತಾನೆ ಎಂಬುದು ನಿಮಗೆ ನಮಗಿಂತ ಚೆನ್ನಾಗಿ ಗೊತ್ತು. ಟಿಬಿ ರೋಗಿಗಳ ಆಹಾರಕ್ಕೆ ಸರ್ಕಾರ ಕೊಡುವ ನಿ-ಕ್ಷಯ ಪೋಷಣೆಯ ಹಣ 2024ರ ನವೆಂಬರಿನಿಂದ ತಿಂಗಳಿಗೆ 1000 ರೂಪಾಯಿ, ಬ್ಯಾಂಕ್ ಖಾತೆಗೆ ಬರುತ್ತದೆ. ಖಾತೆಯ ವಿವರ ಕೊಟ್ಟಿದ್ದಾರೆಯೇ ನೋಡಿ. ತೋಟದ ಮಾಲೀಕರು ನಿ-ಕ್ಷಯ ಮಿತ್ರರಾಗಿ ಹೆಸರು ಕೊಟ್ಟು ಅಕ್ಕಿ, ಬೇಳೆ, ಎಣ್ಣೆಯ ಕಿಟ್ ಕೊಡಬಹುದು. ಒಂದು ಕುಯ್ಲಿನ ಖರ್ಚಿನಲ್ಲಿ ಅದು ಲೆಕ್ಕಕ್ಕೇ ಬಾರದಷ್ಟು.

ಫೆಬ್ರವರಿಯ ಪ್ರಯಾಣ ನಿಜವಾದ ಚಿಂತೆ. ಬೆಡಾಕ್ವಿಲಿನ್ ದೇಹದಿಂದ ಅರ್ಧ ಖಾಲಿಯಾಗಲು ಐದು ತಿಂಗಳಿಗೂ ಹೆಚ್ಚು ಬೇಕು, ಲಿನೆಝೊಲಿಡ್ ಮತ್ತು ಮಾಕ್ಸಿಫ್ಲಾಕ್ಸಾಸಿನ್ ಒಂದೆರಡು ದಿನದಲ್ಲೇ ಕಾಣೆಯಾಗುತ್ತವೆ. ಹೋದ ವರ್ಷದಂತೆ ಎರಡೂವರೆ ತಿಂಗಳಿಗೆ ಎಲ್ಲವನ್ನೂ ಬಿಟ್ಟು ರೈಲು ಹತ್ತಿದರೆ, ಬೆಡಾಕ್ವಿಲಿನ್ ತಿಂಗಳುಗಟ್ಟಲೆ ರಕ್ತದಲ್ಲಿ ಒಂಟಿಯಾಗಿ ಉಳಿಯುತ್ತದೆ. ನಮ್ಮ ಬಳಿ ಇರುವ ಅತ್ಯುತ್ತಮ ಔಷಧವನ್ನು ಹಾಳು ಮಾಡಲು ಇದಕ್ಕಿಂತ ಖಚಿತವಾದ ದಾರಿಯಿಲ್ಲ. 26 ವಾರ ಇಲ್ಲೇ ಇರಿಸಿಕೊಳ್ಳಲು ನೋಡಿ. ಹೋಗಲೇಬೇಕೆಂದರೆ ಹೊರಡುವ ಎರಡು ವಾರ ಮೊದಲೇ ತಾಲ್ಲೂಕಿನ ಕ್ಷಯ ಮೇಲ್ವಿಚಾರಕರಿಗೆ ಹೇಳಿ, ನಿ-ಕ್ಷಯ ಐಡಿಯನ್ನು (ಸರ್ಕಾರಿ ಟಿಬಿ ನೋಂದಣಿ ಸಂಖ್ಯೆ) ಅವನ ಊರಿನ ಜಿಲ್ಲೆಗೆ ವರ್ಗ ಮಾಡಿಸಿ. ಆ ಕಡೆಯವರು ಒಪ್ಪಿಕೊಂಡಿದ್ದಾರೆಂದು ಫೋನಿನಲ್ಲೇ ಖಚಿತ ಮಾಡಿಕೊಂಡು, ದಾರಿಗೂ ಮೊದಲ ಕೆಲವು ವಾರಕ್ಕೂ ಆಗುವಷ್ಟು ನಾಲ್ಕೂ ಮಾತ್ರೆ ಕೊಡಿಸಿ. ಕೊನೆಯ ಇಸಿಜಿ, ಕಲ್ಚರ್ ವರದಿ, ನೀವು ಟಿಕ್ ಹಾಕಿದ ಹಾಳೆಯ ನಕಲು ಅವನ ಚೀಲದಲ್ಲಿರಲಿ. ಅಲ್ಲಿ ಯಾರನ್ನು ಕೇಳಬೇಕೆಂದು ತಿಳಿಯದಿದ್ದರೆ ನಿ-ಕ್ಷಯ ಸಹಾಯವಾಣಿ 1800-11-6666ಕ್ಕೆ ಉಚಿತವಾಗಿ ಕರೆ ಮಾಡಬಹುದು. ಐಡಿ ಸಂಖ್ಯೆಯನ್ನು ಅವನ ಮೊಬೈಲಿನಲ್ಲೂ ಹೆಂಡತಿಯ ಮೊಬೈಲಿನಲ್ಲೂ ಸೇವ್ ಮಾಡಿಕೊಡಿ.